ವಿಶಾಲಾಕ್ಷಮ್ಮನ ದ್ವೀಪದ ಮರ

ಮಲ್ಲೇಶ್ವರಂ ಹದಿನೇಳನೇ ಕ್ರಾಸಿನಲ್ಲಿ ವಿಶಾಲಾಕ್ಷಮ್ಮನ ಅಂಗಳಕ್ಕೆ ಕಾಲಿಡುವ ಧೈರ್ಯ ಪೋಸ್ಟ್‌ಮ್ಯಾನಿಗೂ ಇರಲಿಲ್ಲ. ಹೊಸದಾಗಿ ಬಂದಿದ್ದ ಒಬ್ಬ, ಅಲ್ಲಿದ್ದ ಮರದ ಬುಡಕ್ಕೆ ಸೈಕಲ್ ಒರಗಿಸಿ ಕಾಗದ ಹುಡುಕಲು ನಿಂತಿದ್ದ. ಆಕೆ ವರಾಂಡದಿಂದಲೇ ಕೇಳಿದರು: "ನಿನ್ನ ಹೊಟ್ಟೆ ಮೇಲೆ ಯಾರಾದ್ರೂ ಸೈಕಲ್ ಒರಗಿಸಿದ್ರೆ ಸುಮ್ನೆ ಇರ್ತೀಯೇನಪ್ಪ?" ಅಂದಿನಿಂದ ಅವನು ಕಾಗದಗಳನ್ನು ಗೇಟಿನ ಸಂದಿಯಿಂದಲೇ ಒಳಗೆ ಎಸೆದು ಹೋಗುತ್ತಿದ್ದ.

ಮರಕ್ಕೆ ಹೊಟ್ಟೆ ಇದ್ದದ್ದೇನೋ ನಿಜ. ತಾಳೆಯ ಜಾತಿಯ ಆ ಮರ ಬುಡದಲ್ಲಿ ಗುಡಾಣದಂತೆ ಉಬ್ಬಿ, ಮೇಲೆ ಹೋಗುತ್ತ ಸಣ್ಣಗಾಗಿ, ಹಸಿರು ಕತ್ತಿನ ತುದಿಯಲ್ಲಿ ನಾಲ್ಕೈದು ಗರಿ ಹೊತ್ತುಕೊಂಡು ನಿಂತಿತ್ತು. ಊರಿನವರು ಅದನ್ನು ಬಾಟಲ್ ಪಾಮ್ ಎನ್ನುತ್ತಾರೆ. ಮಾರಿಷಸ್ ಪಕ್ಕದ ರೌಂಡ್ ಐಲೆಂಡ್ ಎಂಬ, ಜನವಸತಿಯೇ ಇಲ್ಲದ ಚೂರು ದ್ವೀಪ ಅದರ ತವರು. ಹಿಂದೆ ಹಡಗಿನವರು ತಂದುಬಿಟ್ಟ ಮೇಕೆ, ಮೊಲಗಳು ಸಸಿಗಳನ್ನೆಲ್ಲ ಮೇಯ್ದು, ಆ ತವರಿನಲ್ಲೇ ಮರಗಳು ಬೆರಳೆಣಿಕೆಯಷ್ಟು ಉಳಿದವು. "ಅಲ್ಲಿ ಮೇಕೆ ಮಾಡಿದ್ದನ್ನ ಇಲ್ಲಿ ಜನ ಮಾಡ್ತಾರೆ. ಮೇಕೆಗೆ ಹಸಿವಾದ್ರೂ ಇತ್ತು" ಎನ್ನುವುದು ವಿಶಾಲಾಕ್ಷಮ್ಮನ ಅಭಿಪ್ರಾಯವಾಗಿತ್ತು.

ಆಕೆಯ ಅಭಿಪ್ರಾಯಗಳೆಲ್ಲ ಹೆಚ್ಚುಕಡಿಮೆ ಇದೇ ಧಾಟಿಯವು. ಚಾಮರಾಜಪೇಟೆಯ ಗುಮಾಸ್ತರೊಬ್ಬರ ಮಗಳಾಗಿ ಹುಟ್ಟಿ, ಬಿ.ಎಸ್‌ಸಿ. ಮಾಡಿ, ಹುಡುಗಿಯರ ಹೈಸ್ಕೂಲೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತ ಕೂದಲು ಬೆಳ್ಳಗಾಗಿಸಿಕೊಂಡವರು. ಆಕೆ ಮೆಚ್ಚಿದ ಮನುಷ್ಯರ ಹೆಸರು ಬರೆಯಲು ಕುಳಿತರೆ ಪೆನ್ನಿನ ಮುಚ್ಚಳ ತೆಗೆಯಬೇಕಾಗಿರಲಿಲ್ಲ. ಹೆಡ್‌ಮಿಸ್ಟ್ರೆಸ್‌ಗೆ ವಿಜ್ಞಾನ ಗೊತ್ತಿಲ್ಲ, ಅಣ್ಣಂದಿರಿಗೆ ಮರ್ಯಾದೆ ಗೊತ್ತಿಲ್ಲ, ಹುಡುಗಿಯರಿಗೆ ಉರುಹೊಡೆಯುವುದು ಬಿಟ್ಟು ಬೇರೇನೂ ಗೊತ್ತಿಲ್ಲ. ಸರ್ಕಾರಿ ಮುದ್ರಣಾಲಯದಲ್ಲಿದ್ದ ಗಂಡ ಎದೆನೋವಿನಿಂದ ತೀರಿಕೊಂಡಾಗ ಆಕೆ ಅತ್ತರು, ಸುಳ್ಳಲ್ಲ. ಆದರೆ ಆತ ಮಾತ್ರೆ ನುಂಗಲು ಮರೆತದ್ದನ್ನು ಕ್ಷಮಿಸಲಿಲ್ಲ. "ಗಿಡಕ್ಕೆ ಒಂದು ಸಲ ಹೇಳಿಕೊಟ್ರೆ ಸಾಕು" ಎಂದು ಸಾವು ವಿಚಾರಿಸಲು ಬಂದ ನಾದಿನಿಯ ಎದುರೇ ಅಂದಿದ್ದರು.

ಆ ದುಃಖದ ವರ್ಷವೇ ಆಕೆ ಬಾಟಲ್ ಪಾಮಿನ ಗೇಣುದ್ದದ ಸಸಿಯನ್ನು ನರ್ಸರಿಯಿಂದ ತಂದದ್ದು. ಅದಕ್ಕೆ ಏನು ಬೇಕು, ಏನು ಬೇಡ ಎಂದು ಓದಿ ತಿಳಿದುಕೊಂಡೇ ತಂದಿದ್ದರು. ಬುಡದಲ್ಲಿ ನೀರು ನಿಂತರೆ ಈ ಜಾತಿ ಕೊಳೆಯುತ್ತದೆ. ಅದಕ್ಕೆಂದು ಅಂಗಳದ ಅಂಟು ಕೆಮ್ಮಣ್ಣನ್ನು ಮೊಣಕಾಲುದ್ದ ತೆಗೆಸಿ, ಮರಳು, ಜಲ್ಲಿಚೂರು, ಎಲೆಗೊಬ್ಬರ ಬೆರೆಸಿ ತುಂಬಿದರು. ದಿನವಿಡೀ ಬಿಸಿಲು ಬೀಳುವ ಮೂಲೆ ಕೊಟ್ಟರು. ಮಣ್ಣಿಗೆ ಬೆರಳು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು. ಬಚ್ಚಲ ಹಂಡೆಯ ಒಲೆಯ ಬೂದಿ ತಿಂಗಳಿಗೊಮ್ಮೆ. ಎಳೆಯದಾಗಿದ್ದಾಗ ಡಿಸೆಂಬರಿನ ಕುಳಿರ್ಗಾಳಿಗೆ ಗೋಣಿತಾಟಿನ ಹೊದಿಕೆ. ಎಲ್ಲಕ್ಕಿಂತ ಮುಖ್ಯ, ಕತ್ತರಿ ತೋರಿಸುವ ಹಾಗಿಲ್ಲ. ಇರುವುದೇ ನಾಲ್ಕೈದು ಗರಿ. ಅದರಲ್ಲಿ ಒಂದನ್ನು ಚಂದಕ್ಕೆಂದು ಕತ್ತರಿಸಿದರೂ ಮರದ ಒಂದು ಹೊತ್ತಿನ ಊಟ ಕಿತ್ತುಕೊಂಡ ಹಾಗೆ. ಹಳೆಯ ಗರಿ ತಾನೇ ಒಣಗಿ, ತಾನೇ ಕಳಚಿ ಬೀಳುವವರೆಗೆ ಕಾಯಬೇಕು.

ಕಾಯುವುದು ಆ ಬೀದಿಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ಮಲ್ಲೇಶ್ವರದಲ್ಲಿ ಹಳೆಯ ಹೆಂಚಿನ ಮನೆ ಕೆಡವಿ ಗ್ರಾನೈಟ್ ಮನೆ ಕಟ್ಟಿದವರೆಲ್ಲ ಮುಂದುಗಡೆ ಒಂದು ಬಾಟಲ್ ಪಾಮ್ ನಿಲ್ಲಿಸುವ ಚಾಳಿ ಹಿಡಿಯಿತು. ಮೂಲೆಮನೆಯ ನಿವೃತ್ತ ಎಂಜಿನಿಯರು ತಮ್ಮದರ ಹೊಟ್ಟೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿಸಿದರು, ದೇವಸ್ಥಾನದ ಗೋಡೆಯೇನೋ ಎಂಬಂತೆ. ಎದುರುಮನೆಯವರು ಬುಡಕ್ಕೆ ಕತ್ತು ಹಿಸುಕುವಷ್ಟು ಬಿಗಿಯಾಗಿ ಸಿಮೆಂಟಿನ ಕಟ್ಟೆ ಕಟ್ಟಿಸಿ ಬಾತ್‌ರೂಮ್ ಟೈಲ್ಸ್ ಹಾಕಿಸಿದರು. ಇವರೆಲ್ಲರ ತಲೆಯ ಮೇಲೆ ಕುಳಿತವರು ಶೀನಣ್ಣ.

ಶೀನಣ್ಣ ಬಡಾವಣೆಯ ಗೃಹತೋಟ ಸಂಘದ ಕಾರ್ಯದರ್ಶಿ. ಅಕೌಂಟ್ಸ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಗುಲಾಬಿಗೂ ದಾಸವಾಳಕ್ಕೂ ವ್ಯತ್ಯಾಸ ಬಲ್ಲರು, ಅಷ್ಟು ಮಾತ್ರ. ಮರದ ಹೊಟ್ಟೆಯನ್ನು ಅವರು ನೀರಿನ ಟ್ಯಾಂಕೆಂದು ತಿಳಿದು, ಟ್ಯಾಂಕ್ ಯಾವಾಗಲೂ ತುಂಬಿರಬೇಕೆಂದು ಬೆಳಿಗ್ಗೆ, ಸಂಜೆ ಪೈಪು ಹಿಡಿದರು. ಅವರ ಎರಡು ಗಿಡಗಳು ಬುಡ ಕೊಳೆತು, ಹುಳುಕು ಹಲ್ಲು ಕಿತ್ತ ಹಾಗೆ ಕೈಗೇ ಬಂದವು. ತಪ್ಪು ತನ್ನದೆಂದು ಒಪ್ಪಿಕೊಳ್ಳುವ ಗಂಡಸೇ ಅವರು? ಸಂಘದ ಸಭೆಯಲ್ಲಿ ವಿಶಾಲಾಕ್ಷಮ್ಮ ತಮ್ಮ ಮರದ ಬಗ್ಗೆ ಮಾತಾಡಿ ಕುಳಿತ ಮೇಲೆ, ಕೊರಳಿನ ಮಫ್ಲರ್ ಸರಿಮಾಡಿಕೊಂಡು ಎದ್ದರು.

"ಏನ್ ಹೇಳಿ ವಿಶಾಲಾಕ್ಷಮ್ಮ, ಇದು ಸಮುದ್ರತೀರದ ಗಿಡ. ನಾವು ಮೂರು ಸಾವಿರ ಅಡಿ ಎತ್ತರದಲ್ಲಿದೀವಿ. ಶೋಗೆ ಬೆಳೀಬಹುದು. ಆದ್ರೆ ಈ ಬೆಂಗಳೂರಿನ ಹವಾಕ್ಕೆ ಬೀಜ ಕಟ್ಟಲ್ಲ. ಬಂಜೆ ಮರ ಸಾಕ್ತಿದೀರ ನೀವು!"

ಸಭೆ ನಕ್ಕಿತು. ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ಆ ಮಾತು ಎಲ್ಲಿಗೆ ತಾಗಿತೆಂದು ಶೀನಣ್ಣನಿಗೆ ತಿಳಿದಿರಲಿಕ್ಕಿಲ್ಲ, ವಿಶಾಲಾಕ್ಷಮ್ಮನಿಗೆ ಮಕ್ಕಳಿರಲಿಲ್ಲ. ಆಕೆ ಎದ್ದು ಮನೆಗೆ ಬಂದರು. ಆ ಮರದಲ್ಲಿ ಬೀಜ ಕಟ್ಟಿಸಿ, ಒಂದು ಗೊಂಚಲು ಕಾಯನ್ನು ಆ ಮನುಷ್ಯನ ಮುಖದೆದುರು ಹಿಡಿಯುವವರೆಗೆ ಸಾಯುವುದಿಲ್ಲ ಎಂದು ಅಂದೇ ನಿಶ್ಚಯಿಸಿಕೊಂಡರು. ದೇವರಲ್ಲಿ ಏನನ್ನೂ ಕೇಳದವರು ಇದೊಂದನ್ನು ಮಾತ್ರ ಪಟ್ಟು ಹಿಡಿದು ಬಯಸಿದರು.

ಮರ ಹೂಬಿಡುವ ಹೊತ್ತಿಗೆ ಹೊಸ ಶತಮಾನ ಬಂದಿತ್ತು, ಆಕೆ ನಿವೃತ್ತರಾಗಿದ್ದರು. ಗರಿ ಕಳಚಿ ಬಿದ್ದ ಜಾಗದಲ್ಲಿ, ಹಸಿರು ಕತ್ತಿನ ಕೆಳಗೆ, ಹೋರಿಯ ಕೊಂಬಿನಂತೆ ಒಂದು ಮೊಗ್ಗು ಮೇಲ್ಮುಖವಾಗಿ ಎದ್ದಿತು. ಕೊಂಬು ಬಿರಿದು ಕೆನೆಬಣ್ಣದ ಗೊಂಚಲು ಹರಡಿಕೊಂಡಿತು. ಆದರೆ ಕಾಯಿ ಕಟ್ಟಲಿಲ್ಲ. ಯಾಕೆಂದು ವಿಶಾಲಾಕ್ಷಮ್ಮನಿಗೆ ಗೊತ್ತಿತ್ತು. ಒಂದೇ ಗೊಂಚಲಿನಲ್ಲಿ ಗಂಡು ಹೂವೂ ಇರುತ್ತವೆ, ಹೆಣ್ಣು ಹೂವೂ ಇರುತ್ತವೆ. ಗಂಡು ಹೂ ಮೊದಲು ಅರಳಿ, ಪರಾಗ ಚೆಲ್ಲಿ, ಉದುರಿಹೋದ ಮೇಲೆಯೇ ಹೆಣ್ಣು ಹೂ ಕಣ್ಣುಬಿಡುವುದು. ಒಂದೇ ಮನೆಯಲ್ಲಿದ್ದೂ ಮುಖ ನೋಡದ ಗಂಡಹೆಂಡಿರ ಹಾಗೆ. ಪಕ್ಕದಲ್ಲಿ ಇನ್ನೊಂದು ಮರವಿದ್ದಿದ್ದರೆ ಅಲ್ಲಿಂದ ಪರಾಗ ಬರುತ್ತಿತ್ತು. ಬೀದಿಯ ಬೇರೆ ಮರಗಳನ್ನೆಲ್ಲ ಅವುಗಳ ಯಜಮಾನರೇ ಕೊಂದು ಮುಗಿಸಿದ್ದರು. ಉಳಿದದ್ದು ಒಂದೇ ದಾರಿ. ತನ್ನ ಮರದಲ್ಲೇ ಒಂದರ ಬೆನ್ನಿಗೆ ಇನ್ನೊಂದು ಗೊಂಚಲು ಬರಬೇಕು. ಮೊದಲನೆಯದರ ಹೆಣ್ಣು ಹೂ ಅರಳುವ ಹೊತ್ತಿಗೆ ಎರಡನೆಯದರ ಗಂಡು ಹೂ ಸಿದ್ಧವಾಗಬೇಕು.

ಮರುವರ್ಷ ಹಾಗೆಯೇ ಬಂತು. ಕೆಳಗಿನ ಗೊಂಚಲಿನ ಗಂಡು ಹೂಗಳೆಲ್ಲ ಉದುರಿ ಹೆಣ್ಣು ಹೂ ಬಿರಿಯುವ ಹೊತ್ತು. ಮೇಲುಗಡೆ ಎರಡನೆಯ ಕೊಂಬು ತುಂಬಿ, ನಾಳೆಯೋ ನಾಡಿದ್ದೋ ಒಡೆಯುವಂತೆ ನಿಂತಿತ್ತು. ವಿಶಾಲಾಕ್ಷಮ್ಮ ಸಣ್ಣ ಬಣ್ಣದ ಬ್ರಷ್ಷೊಂದನ್ನು ತೊಳೆದು, ಒಣಗಿಸಿ, ಸ್ಟೂಲಿನ ಪಕ್ಕ ಇಟ್ಟುಕೊಂಡು ಕಾದರು.

ಅದೇ ವಾರ ಪಕ್ಕದ ಮನೆಯಲ್ಲಿ ಮದುವೆ.

ಪಕ್ಕದ ಮನೆ ಮರಿಯಣ್ಣನದು. ಕುಣಿಗಲ್ ಕಡೆಯ ಹಳ್ಳಿಯಿಂದ ಬಂದು ಕಾಟನ್‌ಪೇಟೆಯಲ್ಲಿ ಪ್ಲಾಸ್ಟಿಕ್ ಬಕೆಟ್, ಬಿಂದಿಗೆಗಳ ಸಗಟು ಅಂಗಡಿ ಇಟ್ಟು ಮೇಲೆ ಬಂದ ಕುಳ. ಆ ಮನೆಯಲ್ಲಿ ವಿಶಾಲಾಕ್ಷಮ್ಮ ತಿರಸ್ಕರಿಸದೆ ಬಿಟ್ಟ ವಸ್ತುವಿರಲಿಲ್ಲ: ಗೇಟಿನ ಮೇಲಿನ ಸಿಮೆಂಟಿನ ಸಿಂಹ, ಬಾಲ್ಕನಿಯ ಪ್ಲಾಸ್ಟಿಕ್ ಹೂ, ಯಜಮಾನನ ಕೆಮ್ಮು. ಮರಿಯಣ್ಣನ ಹೆಂಡತಿ ಲಕ್ಷ್ಮೀದೇವಮ್ಮ ಕಾಂಪೌಂಡಿನಾಚೆಯಿಂದ "ಊಟ ಆಯ್ತಾ ಮೇಡಮ್ಮೋರೆ?" ಎಂದು ದಿನಾ ಕೇಳುವುದನ್ನೂ ಸಹಿಸುತ್ತಿರಲಿಲ್ಲ. ಊಟ ಆದರೇನು, ಬಿಟ್ಟರೇನು, ಇವಳಿಗೇನು? ಮಗಳು ಪ್ರತಿಭಾ ಒಂದು ಕಾಲಕ್ಕೆ ವಿಶಾಲಾಕ್ಷಮ್ಮನ ತರಗತಿಯಲ್ಲೇ ಕೂತವಳು. ಈಗ ಅವಳದೇ ಮದುವೆ. ಮನೆಯ ಮುಂದೆ ಚಪ್ಪರ ಬಿದ್ದಿತ್ತು.

ಮದುವೆಯ ಹಿಂದಿನ ಮಧ್ಯಾಹ್ನ ಆ ಮನೆಯಲ್ಲಿ ಗದ್ದಲವೆದ್ದಿತು. ಅವರ ಕಡೆ ಮದುವೆಗೆ ಕಳಸ ಮುಖ್ಯ. ಸುಣ್ಣ, ಕೆಮ್ಮಣ್ಣು ಬರೆದ ಹೊಸ ಮಡಕೆಗೆ ನೀರು ತುಂಬಿ, ಬಾಯಿಗೆ ವೀಳ್ಯದೆಲೆ ಕಟ್ಟಿ, ನಡುವೆ ಹೊಂಬಾಳೆ ನಿಲ್ಲಿಸಬೇಕು. ಹೊಂಬಾಳೆ ಎಂದರೆ ಕವಚ ಬಿಡಿಸಿದ ತೆಂಗಿನ ಎಳೆಯ ಹೂಗೊನೆ. ಅದನ್ನು ಹೊತ್ತು ಮದುವಣಗಿತ್ತಿಯ ಜೊತೆ ನಿಲ್ಲುವವಳು ಕಳಸಗಿತ್ತಿ, ಇಲ್ಲಿ ಮರಿಯಣ್ಣನ ಅಕ್ಕ ಬಸವಮ್ಮ. ಊರಿಂದ ಹೊಂಬಾಳೆ ತಂದವರು ಅದನ್ನು ಕಾರಿನ ಡಿಕ್ಕಿಯಲ್ಲಿಟ್ಟು, ಮೇಲೆ ಅಕ್ಕಿಮೂಟೆ ಹೇರಿಕೊಂಡು ಬಂದಿದ್ದರು. ಬಿಚ್ಚಿ ನೋಡಿದರೆ ಹಿಂಡಿದ ಕಬ್ಬಿನ ಸಿಪ್ಪೆ. ಮಾರ್ಕೆಟ್ಟಿಗೆ ಓಡಿದವನು ಒಣಗಿ ಕಪ್ಪಾದದ್ದೊಂದನ್ನು ಹಿಡಿದು ಬಂದ.

"ಬಾಡಿದ್ ಹೊಂಬಾಳೆ ಇಕ್ಕುದ್ರೆ ಸಂಸಾರ ಬಾಡ್ತದೆ. ಎತ್ತಾಕು ಆಚೆಗೆ!" ಬಸವಮ್ಮನ ಗಂಟಲು ಎರಡು ಕ್ರಾಸಿಗೆ ಕೇಳಿಸುವಂಥದು. ಮರುಗಳಿಗೆ ಅದೇ ಗಂಟಲು: "ಅಗಾ, ಅಲ್ಲೇ ಐತಲ್ಲೇ ಲಕ್ಷ್ಮೀದೇವಿ! ಪಕ್ಕದ್ ಮನೇಲಿ. ಗಿಡ್ಡ ತೆಂಗು. ಹೊಂಬಾಳೆ ಎಂಗೆ ನಿಂತೈತೆ ನೋಡು, ನಮಗೇ ಅಂತ ಬಂದಂಗೆ."

ಲಕ್ಷ್ಮೀದೇವಮ್ಮ ತಟ್ಟೆಯಲ್ಲಿ ಎಳ್ಳಿನ ಚಿಗಣಿ, ಬಾಳೆಹಣ್ಣು ಇಟ್ಟುಕೊಂಡು ಬಂದರು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ವಿಷಯ ಹೇಳಿದರು.

ವಿಶಾಲಾಕ್ಷಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. "ಇದು ತೆಂಗಲ್ಲ."

"ತೆಂಗಿನ ಜಾತೀನೇ ಅಲ್ವರಾ?"

"ನೀವೂ ಕೋತೀನೂ ಒಂದೇ ಜಾತಿ ಅಂತ ಪುಸ್ತಕದಲ್ಲಿದೆ. ಹಾಗಂತ ನಾಳೆ ಮಂಟಪದಲ್ಲಿ ನಿಮ್ಮ ಬದಲು ಕೋತಿ ನಿಲ್ಲಿಸ್ತೀರಾ?"

ಲಕ್ಷ್ಮೀದೇವಮ್ಮನ ಮುಖ ಸಣ್ಣಗಾಯಿತು. ಆದರೂ ಮಗಳ ಮದುವೆ. ತಾಯಿ ಅಷ್ಟಕ್ಕೆ ಹಿಂದೆ ಸರಿಯಲಿಲ್ಲ. "ಒಂದೇ ಒಂದು ಮೇಡಮ್ಮೋರೆ. ಕೆಳಗಿಂದು ಹೆಂಗೂ ಅರಳಿ ಹಳೇದಾಗೈತೆ, ಅದು ನಿಮಗಿರಲಿ. ಮ್ಯಾಲಿಂದು ಕೊಟ್ಬುಡಿ. ಪ್ರತಿಭಾ ನಿಮ್ಮ ಕೈಲಿ ಓದಿದ್ ಮಗು."

"ಓದಿದಳಾ? ಯಾವಾಗ? ನನಗೆ ಗೊತ್ತೇ ಆಗ್ಲಿಲ್ಲ" ಎಂದರು ವಿಶಾಲಾಕ್ಷಮ್ಮ. "ಕೊಡಲ್ಲ. ನಿಮ್ಮ ಅಂಗಡೀಲಿ ಪ್ಲಾಸ್ಟಿಕ್ಕಿಂದು ಸಿಗುತ್ತೇನೋ ನೋಡಿ."

ಯಾಕೆ ಕೊಡುವುದಿಲ್ಲ ಎಂದು ಮಾತ್ರ ಹೇಳಲಿಲ್ಲ. ಎರಡು ವಾಕ್ಯದಲ್ಲಿ ಹೇಳಿ ಮುಗಿಸಬಹುದಿತ್ತು. ಬಕೆಟ್ ಮಾರುವವರ ಮನೆಗೆ ಪರಾಗಸ್ಪರ್ಶ ವಿವರಿಸುವುದೆಂದರೆ ಗೋರ್ಕಲ್ಲಿನ ಮೇಲೆ ಮಳೆ ಸುರಿಸಿದ ಹಾಗೆ ಎಂಬುದು ಆಕೆಯ ಎಣಿಕೆ. ಲಕ್ಷ್ಮೀದೇವಮ್ಮ ತಟ್ಟೆಯನ್ನು ವರಾಂಡದ ಕಟ್ಟೆಯ ಮೇಲಿಟ್ಟು, ತಲೆ ತಗ್ಗಿಸಿ ಹೊರಟುಹೋದರು. ಚಿಗಣಿ ಇರುವೆಗಳ ಪಾಲಾಯಿತು.

ಬೆಳಕು ಹರಿಯುತ್ತಲೇ ಬ್ರಷ್ಷು ಹಿಡಿದು ಅಂಗಳಕ್ಕೆ ಬಂದ ವಿಶಾಲಾಕ್ಷಮ್ಮ ನಿಂತಲ್ಲೇ ನಿಂತರು. ಕೆಳಗಿನ ಗೊಂಚಲಿನಲ್ಲಿ ಹೆಣ್ಣು ಹೂಗಳು ಬಿರಿದು ಮಿನುಗುತ್ತಿದ್ದವು. ಮೇಲಿನ ಕೊಂಬು ಇರಲಿಲ್ಲ. ಕುಡುಗೋಲಿನಿಂದ ಒಂದೇ ಏಟಿಗೆ ಕೊಯ್ದ ಗುರುತು. ಅಲ್ಲಿಂದ ಸಣ್ಣಗೆ ರಸ ಒಸರುತ್ತಿತ್ತು. ಮರದ ಹೊಟ್ಟೆಗೆ ಅರಿಶಿನ, ಕುಂಕುಮ ಹಚ್ಚಿದ್ದರು. ಬುಡದಲ್ಲಿ ಎರಡು ವೀಳ್ಯದೆಲೆ, ಅಡಿಕೆ, ಒಡೆದ ತೆಂಗಿನಕಾಯಿಯ ಒಂದು ಹೋಳು, ಆರಿಹೋದ ಊದುಬತ್ತಿ. ಪದ್ಧತಿಯಂತೆ ಮರಕ್ಕೆ ಪೂಜೆ ಮಾಡಿ, ಮರದ ಅಪ್ಪಣೆ ಕೇಳಿ ಕೊಯ್ದುಕೊಂಡು ಹೋಗಿದ್ದರು. ಮರ ಒಪ್ಪಿದ ಮೇಲೆ ಯಜಮಾನಿಯದೇನು?

ತೆಂಗಿನ ನೀರನ್ನೂ ಬುಡಕ್ಕೇ ಸುರಿದಿದ್ದರು. ವಿಶಾಲಾಕ್ಷಮ್ಮ ಮೊದಲು ಬಗ್ಗಿ ಅಲ್ಲಿಯ ಒದ್ದೆ ಮಣ್ಣು ಬಿಡಿಸಿ ಗಾಳಿಯಾಡುವಂತೆ ಮಾಡಿದರು. ಆಮೇಲೆ ಸಿಟ್ಟಾದರು. ಹೆಣ್ಣು ಹೂ ಕಾಯುವುದು ಇಂದು, ಹೆಚ್ಚೆಂದರೆ ನಾಳೆ. ಪಕ್ಕದ ಮನೆಯವರೆಲ್ಲ ಕಲ್ಯಾಣಮಂಟಪಕ್ಕೆ ಹೋಗಿಯಾಗಿತ್ತು. ಆಕೆ ಮನೆಗೆ ಬೀಗ ಹಾಕಿ, ಮಾಸಿದ ಕಾಟನ್ ಸೀರೆಯಲ್ಲೇ, ಕೈಯಲ್ಲಿ ಬ್ರಷ್ಷು ಹಿಡಿದು ಸಂಪಿಗೆ ರಸ್ತೆಯತ್ತ ನಡೆದರು. ಎಲ್ಲರ ಎದುರು ಆ ಮನೆಯವರ ಮಾನ ಹರಾಜು ಹಾಕಿ ಬರುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡರು.

ಮಂಟಪದ ಬಾಗಿಲಲ್ಲಿ ಪನ್ನೀರು ಎರಚಿದ ಹುಡುಗಿಯರನ್ನು ದುರುಗುಟ್ಟಿ ನೋಡಿ ಒಳಗೆ ನುಗ್ಗಿದರು. ವಾಲಗದ ಅಬ್ಬರ. ವೇದಿಕೆಯ ಮೇಲೆ ಥರ್ಮಕೋಲಿನ ಜೋಡಿ ಹಂಸ, ಅವುಗಳ ನಡುವೆ ಬಾಸಿಂಗ ಕಟ್ಟಿಕೊಂಡು ಕುಳಿತ ಪ್ರತಿಭಾ. ಅವಳ ಪಕ್ಕದಲ್ಲಿ ಕಂಬದಂತೆ ನಿಂತ ಬಸವಮ್ಮ. ಬಸವಮ್ಮನ ತೋಳಿನಲ್ಲಿ ಕಳಸ. ಕಳಸದ ಬಾಯಲ್ಲಿ ವಿಶಾಲಾಕ್ಷಮ್ಮನ ಮರದ ಹೂಗೊಂಚಲು, ಕವಚ ಕಳಚಿ, ಎಳೆಎಳೆಯಾಗಿ ಹರಡಿಕೊಂಡು.

ವಿಶಾಲಾಕ್ಷಮ್ಮ ಜಗಳ ಬಿಟ್ಟು ಗೊಂಚಲನ್ನೇ ನೋಡಿದರು. ಮಡಕೆಯ ನೀರಿನಲ್ಲಿ ನಿಂತಿದ್ದ ಗೊಂಚಲು ವೇದಿಕೆಯ ದೀಪಗಳ ಬಿಸಿಗೆ ಅರಳತೊಡಗಿತ್ತು. ಗಂಡು ಹೂಗಳು ಬಾಯಿಬಿಟ್ಟಿದ್ದವು. ಬಸವಮ್ಮ ಕಾಲು ಬದಲಿಸಿದಾಗಲೆಲ್ಲ ಅವಳ ಹಸಿರು ಧರ್ಮಾವರ ಸೀರೆಯ ಹೆಗಲ ಮೇಲೆ ಹಳದಿ ಧೂಳು ಉದುರುತ್ತಿತ್ತು. ಇಷ್ಟು ವರ್ಷ ಕಾದ ಪರಾಗ ಜಮಖಾನದ ಪಾಲಾಗುತ್ತಿತ್ತು!

ವಿಶಾಲಾಕ್ಷಮ್ಮ ಮೆಟ್ಟಿಲು ಹತ್ತಿ ಕೈ ಚಾಚಿದರು. ಬಸವಮ್ಮ ಕಳಸವನ್ನು ಹಿಂದಕ್ಕೆಳೆದುಕೊಂಡು ಆಕೆಯ ಬರಿದಾದ ಹಣೆಯನ್ನೊಮ್ಮೆ, ಕೊರಳನ್ನೊಮ್ಮೆ ನೋಡಿದಳು. ಗಂಡ ಸತ್ತವಳು ಧಾರೆಗೆ ಮುಂಚೆ ಕಳಸ ಮುಟ್ಟಿದರೆ ಆ ಮದುವೆಯ ಗತಿಯೇನು? ಲಕ್ಷ್ಮೀದೇವಮ್ಮ ಓಡಿಬಂದು ಕೈಮುಗಿದರು. "ತಪ್ಪಾಯ್ತು ಮೇಡಮ್ಮೋರೆ. ಬಯ್ಯದಾದ್ರೆ ನಾಳೆ ಮನೇಲಿ ಬಯ್ಯಿ, ನಾನೇ ಬಂದು ಕುಂತ್ಕತೀನಿ. ಈಗ ಬ್ಯಾಡ."

ಆ ಕಳಸವನ್ನು ಕಿತ್ತುಕೊಳ್ಳಲು ವಿಶಾಲಾಕ್ಷಮ್ಮನಿಗೆ ಸಂಕೋಚವೇನೂ ಇರಲಿಲ್ಲ. ಶಕುನಗಳನ್ನು ಆಕೆ ಕಾಲ ಕಸಕ್ಕಿಂತ ಕಡೆಯಾಗಿ ಕಾಣುತ್ತಿದ್ದರು. ಆದರೆ ಮುಂದೆ ಈ ಹುಡುಗಿಗೆ ನೆಗಡಿಯಾದರೂ ಈ ಜನ ತನ್ನ ಮರವನ್ನು ದೂರುತ್ತಾರೆ, ಬುಡಕ್ಕೆ ಆ್ಯಸಿಡ್ ಸುರಿದರೂ ಸುರಿದಾರು ಎಂದು ಹೊಳೆಯಿತು. ಜೊತೆಗೆ ಬಸವಮ್ಮನ ತೋಳು ತನ್ನ ತೊಡೆಯಷ್ಟಿತ್ತು. ಹೀಗೆ ಲೆಕ್ಕ ಹಾಕುತ್ತ ನಿಂತಿದ್ದಾಗ ಕೆಳಗಿನಿಂದ ಸಣ್ಣ ದನಿಯೊಂದು ಬಂತು.

"ಮಿಸ್... ಕೆಳಗಿನ ಗೊಂಚಲಲ್ಲಿ ಹೆಣ್ಣು ಹೂ ಅರಳಿದ್ಯಾ?"

ಪ್ರತಿಭಾ ಬಾಸಿಂಗದ ಸಂದಿಯಿಂದ ಆಕೆಯ ಕೈಲಿದ್ದ ಬ್ರಷ್ಷನ್ನು ನೋಡುತ್ತಿದ್ದಳು. ಕುಂಬಳದ ಹೂವಿನ ಪಾಠದ ದಿನ ವಿಶಾಲಾಕ್ಷಮ್ಮ ತರಗತಿಗೆ ಅಂಥದೇ ಬ್ರಷ್ಷು ತಂದಿದ್ದರು. ಇದೇ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿ, "ನಿನ್ನ ತಲೆಯೊಳಗೆ ಬಿತ್ತೋದೂ ಒಂದೇ, ಟಾರು ರೋಡಲ್ಲಿ ಬಿತ್ತೋದೂ ಒಂದೇ" ಅಂದಿದ್ದರು.

"ಅರಳಿದೆ" ಎಂದರು ವಿಶಾಲಾಕ್ಷಮ್ಮ.

"ಅತ್ತೆ, ಆ ಹೂವಿನ ಧೂಳು ಮಿಸ್‌ಗೆ ಬೇಕು. ಧಾರೆ ಆದ್ಮೇಲೆ ಕೊಟ್ಬಿಡು. ಅಲ್ಲೀವರ್ಗೂ ಜಾಸ್ತಿ ಅಲ್ಲಾಡ್ಬೇಡ."

"ಅಲ್ಲಾಡ್ದೆ ನಾನೇನ್ ಬೊಂಬೆ ಏನೇ?" ಎಂದಳು ಬಸವಮ್ಮ. ಆದರೆ ಆಮೇಲೆ ಅವಳು ಕಾಲು ಬದಲಿಸಲಿಲ್ಲ.

ವಿಶಾಲಾಕ್ಷಮ್ಮ ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತು ಧಾರೆಗಾಗಿ ಕಾದರು. ಪುರೋಹಿತನ ಉಚ್ಚಾರ ತಪ್ಪು. ವಿಡಿಯೋದವನು ಮದುಮಗನ ಗದ್ದವನ್ನು ಹಸುವಿನ ಮೂತಿಯಂತೆ ಹಿಡಿದು ಅತ್ತಿತ್ತ ತಿರುಗಿಸುತ್ತಿದ್ದ. ಮದುಮಗ ಅದಕ್ಕೆ ತಕ್ಕವನೇ. ಒಬ್ಬ ಪುಢಾರಿ ಬಂದು, ಹೆಣ್ಣಿನ ಹೆಸರನ್ನು ತಪ್ಪಾಗಿ ಹೇಳಿ ಹರಸಿ, ಊಟದ ಹಾಲಿನ ದಾರಿ ಕೇಳಿದ. ಪ್ರತಿಯೊಂದನ್ನೂ ಮನಸ್ಸಿನಲ್ಲೇ ಕೆಂಪು ಶಾಯಿಯಿಂದ ಹೊಡೆದುಹಾಕುತ್ತ, ಆಕೆ ಬಸವಮ್ಮನ ಹೆಗಲ ಮೇಲಿಂದ ಕಣ್ಣು ಕೀಳಲಿಲ್ಲ. ಹಾಲು ತುಪ್ಪದ ಧಾರೆ ಬಿದ್ದಾಗ ಇಡೀ ಮಂಟಪ ಅಕ್ಷತೆಗೆ ಕೈಯೆತ್ತಿತು. ಗೊಂಚಲಿಗೆ ಅಕ್ಕಿ ತಾಗೀತೆಂದು ವಿಶಾಲಾಕ್ಷಮ್ಮ ಎದ್ದು, "ಮೆತ್ತಗೆ ಎಸೀರೀ, ಹೊಡೆದಾಟವೇ ಇದು?" ಎಂದು ಹಿಂದಿನ ಸಾಲಿನವರನ್ನು ಗದರಿದರು.

ಶಾಸ್ತ್ರವೆಲ್ಲ ಮುಗಿದ ಮೇಲೆ ಬಸವಮ್ಮ ಕಳಸ ಇಳಿಸಿದಳು. ತಾಂಬೂಲದ ಕಾಗದದ ಚೀಲವೊಂದನ್ನು ಬಿಡಿಸಿ ಹಾಸಿ, ಗೊಂಚಲನ್ನು ಅದರ ಮೇಲೆ ಬಗ್ಗಿಸಿ, ಕೂಸಿನ ಬೆನ್ನು ತಟ್ಟುವಂತೆ ತಟ್ಟಿದಳು. ಹಳದಿ ಧೂಳು ಉದುರಿತು.

"ಇಷ್ಟು ಧೂಳಿಗೆ ಇಷ್ಟು ರಾದ್ಧಾಂತವಾ ತಾಯಿ?"

"ಇದಿಲ್ದೆ ಆ ಹೆಣ್ಣು ಹೂ ಕಾಯಿ ಕಟ್ಟಲ್ಲ. ಇದು ಗಂಡು" ಎಂದರು ವಿಶಾಲಾಕ್ಷಮ್ಮ. ಎರಡೇ ವಾಕ್ಯದಲ್ಲಿ ಮುಗಿಯಿತು.

ಬಸವಮ್ಮ ತಟ್ಟುವುದನ್ನು ನಿಲ್ಲಿಸಿದಳು. "ಅಯ್ಯೋ, ನಿನ್ನೇನೇ 'ಮರ ಕಾಯ್ಗೆ ನಿಂತೈತೆ' ಅಂದಿದ್ರೆ ಯಾರ್ ಮುಟ್ತಿದ್ರು? ಕಾಯಿಗ್ ನಿಂತಿರಾ ಮರಕ್ಕೆ ಕುಡ್ಲು ಹಾಕಕ್ಕೆ ನಮಗೇನ್ ಮಕ್ಕಳುಮರಿ ಇಲ್ವಾ? ಓದಿರೋರ್ ಬಾಯಿಗೆ ಬಯ್ಯಕ್ ಬರ್ತದೆ, ಹೇಳಕ್ ಬರಲ್ಲ. ತಗಳಿ." ಚೀಲ ಮಡಚಿ ಕೊಟ್ಟಳು.

ವಿಶಾಲಾಕ್ಷಮ್ಮನಿಗೆ ಅದುವರೆಗೆ ಯಾರೂ ಹಾಗೆ ಹೇಳಿರಲಿಲ್ಲ. ಹೇಳುವಷ್ಟು ಹತ್ತಿರಕ್ಕೆ ಆಕೆ ಯಾರನ್ನೂ ಬಿಟ್ಟುಕೊಂಡಿರಲಿಲ್ಲ. ಅಷ್ಟರಲ್ಲಿ ಲಕ್ಷ್ಮೀದೇವಮ್ಮ ಅಡ್ಡ ಬಂದು ಊಟಕ್ಕೆ ಒತ್ತಾಯ ಮಾಡಿದರು. "ಬಿಸಿಲೇರಿದ್ರೆ ಇದು ಸತ್ತೋಗುತ್ತೆ ಕಣ್ರೀ" ಎಂದು ಚೀಲವನ್ನು ಸೆರಗಿನಲ್ಲಿ ಸುತ್ತಿಕೊಂಡು ಆಕೆ ಆಟೋ ಹತ್ತಿದರು. ಮನೆಗೆ ಬಂದು, ಸ್ಟೂಲಿನ ಮೇಲೆ ನಿಂತು, ಒಂದೊಂದೇ ಹೂವಿಗೆ ಬ್ರಷ್ಷು ಮುಟ್ಟಿಸಿದರು. ಅಂಥ ಕೆಲಸದ ನಡುವೆಯೂ ಬಸವಮ್ಮನ ಮಾತು ಕಿವಿಯಲ್ಲಿ ಸೊಳ್ಳೆಯಂತೆ ಗುಂಯ್‌ಗುಟ್ಟುತ್ತಿತ್ತು. ಆ ಹೆಂಗಸಿಗೆ ಕೊಡಬೇಕಾಗಿದ್ದ ಉತ್ತರ ಸಂಜೆಯವರೆಗೂ ಹೊಳೆಯಲಿಲ್ಲ. ಅದು ಇನ್ನೂ ಸಿಟ್ಟು ತರಿಸಿತು.

ಹೆಚ್ಚಿನ ಹೂಗಳು ಉದುರಿಹೋದವು. ಕೆಲವು ನಿಂತವು. ನಿಂತವು ಹಸಿರು ಮಣಿಗಳಾಗಿ, ಮಳೆಗಾಲ ಕಳೆಯುವ ಹೊತ್ತಿಗೆ ಸಣ್ಣ ನೇರಳೆಯ ಗಾತ್ರಕ್ಕೆ ಬಂದವು. ಇನ್ನು ಉದುರುವುದಿಲ್ಲ ಎಂದು ಖಾತ್ರಿಯಾದ ದಿನ ವಿಶಾಲಾಕ್ಷಮ್ಮ ಶೀನಣ್ಣನಿಗೆ ಫೋನ್ ಮಾಡಿ ಬರಹೇಳಿದರು. ಅವರು ಕೋಲೂರಿಕೊಂಡು, ಮಫ್ಲರ್ ಸುತ್ತಿಕೊಂಡು ಬಂದರು. ಈಗ ಕಿವಿಯೂ ಮಂದ.

ಆಕೆ ಗೊಂಚಲು ತೋರಿಸಿದರು.

"ಓ, ಕಾಯಿ ಬಿಟ್ಟಿದೆ" ಎಂದರು ಶೀನಣ್ಣ. "ಬಿಡತ್ತೆ, ಬಿಡತ್ತೆ. ಪಾಮ್ ಅಂದ್ಮೇಲೆ ಕಾಯಿ ಬಿಡದೆ ಇರುತ್ಯೇ?"

"ಈ ಹವಾಕ್ಕೆ ಬಿಡಲ್ಲ ಅಂತ ನೀವೇ ಅಲ್ವೇ ಹೇಳಿದ್ದು? ಸಭೆಯಲ್ಲಿ, ಎಲ್ಲರ ಮುಂದೆ?"

"ನಾನೇ? ಯಾವ ಸಭೆ?" ಶೀನಣ್ಣ ಕಿವಿಯ ಹಿಂದೆ ಕೈಯಿಟ್ಟು, ನಿಜವಾಗಿಯೂ ನೆನಪು ಕೆದಕಿದರು. ಏನೂ ಸಿಕ್ಕಲಿಲ್ಲ. "ಏನೇನೋ ಹೇಳ್ತಿದ್ವಿ ಬಿಡಿ ಆಗೆಲ್ಲ. ಸಕ್ಕರೆ ಹಾಕದ ಕಾಫಿ ಇದ್ರೆ ಅರ್ಧ ಲೋಟ ಕೊಡ್ತೀರಾ?"

ವಿಶಾಲಾಕ್ಷಮ್ಮ ಕಾಫಿ ಕೊಟ್ಟರು. ಆ ಮನುಷ್ಯ ಊದಿ ಊದಿ ಕುಡಿಯುವುದನ್ನು ನೋಡುತ್ತ ಕುಳಿತರು. ಒಬ್ಬ ಅಕೌಂಟ್ಸ್ ಗುಮಾಸ್ತ ಬಾಯಿಗೆ ಬಂದದ್ದನ್ನು ಒದರಿ ಮರುದಿನವೇ ಮರೆತದ್ದನ್ನು ಆಕೆ ಇಷ್ಟು ವರ್ಷ ದೇವರ ದೀಪದಂತೆ ಕಾಪಾಡಿಕೊಂಡು ಬಂದಿದ್ದರು. ಹಾಗಾದರೆ ಈ ಅಂಗಳದಲ್ಲಿ ಕುಳಿತ ಇಬ್ಬರಲ್ಲಿ ದೊಡ್ಡ ಮೂರ್ಖರು ಯಾರು? ಆಕೆಯ ತಿರಸ್ಕಾರಕ್ಕೆ ಈ ಬೀದಿಯಲ್ಲಿ ಅದುವರೆಗೆ ಸಿಗದೆ ಉಳಿದಿದ್ದ ವ್ಯಕ್ತಿ ಒಬ್ಬರೇ. ಅಂದು ಆ ವ್ಯಕ್ತಿಯೂ ಸಿಕ್ಕಿಬಿದ್ದರು. ಶೀನಣ್ಣ ಲೋಟ ಕೆಳಗಿಟ್ಟು, ಹೊಗಳಿದಂತೆ ಮರದ ಹೊಟ್ಟೆಯನ್ನು ಎರಡು ಸಲ ತಟ್ಟಿ, "ನೀರು ಚೆನ್ನಾಗಿ ಹಾಕಿ" ಎಂದು ಉಪದೇಶಿಸಿ ಹೋದರು.

ಗೊಂಚಲು ಮಾತ್ರ ಹಾಗೆಯೇ ತೂಗುತ್ತಿತ್ತು. ಅದು ಹೇಗೆ ಕಟ್ಟಿತು, ಏನು ಕೊಟ್ಟು ಕಟ್ಟಿತು ಎಂದು ಬಲ್ಲವರು ಊರಲ್ಲಿ ಒಂದೇ ಮನೆಯವರು. ವಿಶಾಲಾಕ್ಷಮ್ಮ ಕಾಂಪೌಂಡಿನ ಹತ್ತಿರ ಹೋಗಿ, ಹುಟ್ಟಿದ ಮೇಲೆ ಮೊದಲ ಸಲ ಆ ಕಡೆಗೆ ತಾವಾಗಿ ಕೂಗಿದರು.

"ಲಕ್ಷ್ಮೀದೇವಮ್ಮನವರೇ, ಇದೀರಾ? ಒಂದ್ನಿಮಿಷ ಬನ್ನಿ."

ಲಕ್ಷ್ಮೀದೇವಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು, ಮತ್ತೇನು ತಪ್ಪಾಯಿತೋ ಎಂಬ ಮುಖದಲ್ಲಿ ಗೋಡೆಯಾಚೆಯಿಂದ ಇಣುಕಿದರು. ಕಾಯಿ ಕಂಡಿತು. ದಿಟ್ಟಿಸಿ ನೋಡಿದರು.

"ಇವೇನಾ ಮೇಡಮ್ಮೋರೆ? ಇಷ್ಟೇನಾ? ಇಷ್ಟಕ್ಕೇನಾ ಧಾರೆ ಹೊತ್ನಲ್ಲಿ ನಮ್ಮ ಜೀವ ತೆಗೆದಿದ್ದು?" ಎಂದು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು.

ಆ ನಗುವಿಗೆ ತಕ್ಕ ಮಾತು ವಿಶಾಲಾಕ್ಷಮ್ಮನ ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡರು. ನುಂಗಿದ್ದು ಕಹಿಯಾಗಿತ್ತು.

"ಅಲ್ಲಿಂದ ಏನ್ ಕಾಣುತ್ತೆ ನಿಮ್ಗೆ? ಒಳಗೆ ಬನ್ನಿ" ಎಂದರು. "ಗರಿ ಹಿಡ್ಕೊಂಡು ಜಗ್ಗಬೇಡಿ, ಅಷ್ಟೇ. ಯಾಕೆ ಅಂತ ಹೇಳ್ತೀನಿ."